ಹಳೆ ಚರ್ಚಿನ ಸಮಾಧಿಗಳಿಗೆ ಇಸವಿ ಹುಡುಕುವುದು ಹೇಗೆ? ರೇಡಿಯೋಕಾರ್ಬನ್ ಬಳಸುವವರಿಗೆ ಹಂತ ಹಂತದ ಮಾರ್ಗದರ್ಶಿ

"ಎಲುಬಿನ ಚೂರು ಲ್ಯಾಬ್‌ಗೆ ಕಳಿಸಿದರೆ ಎಷ್ಟನೇ ಇಸವಿಯದು ಅಂತ ಹೇಳಿಬಿಡ್ತಾರಲ್ಲ, ಇದರಲ್ಲಿ ಕಷ್ಟ ಏನಿದೆ?" ಪುರಾತತ್ವದ ಬಗ್ಗೆ ಬರೆದಾಗಲೆಲ್ಲ ಬರುವ ಪ್ರಶ್ನೆ ಇದೇ. ಇಂಗ್ಲೆಂಡ್ ಕಡೆ ಓದಲು ಹೋದ ಹುಡುಗರು ಕೇಳುತ್ತಾರೆ, ಟೀವಿಯಲ್ಲಿ ರಾಜನ ಅಸ್ಥಿಪಂಜರ ನೋಡಿದವರೂ ಕೇಳುತ್ತಾರೆ. ಚಿಕ್ಕ ಉತ್ತರ ಬೇಕಾ? ಎಲುಬಿನಲ್ಲಿ ಕಾರ್ಬನ್-14 ಎಷ್ಟು ಉಳಿದಿದೆ ಅಂತ ಲ್ಯಾಬ್ ಅಳೆದು ಕೊಡುತ್ತದೆ, ಅಷ್ಟೇ. ಅಲ್ಲಿಂದ ಇಸವಿಗೆ ಹೋಗುವ ದಾರಿ ನೀವೇ ನಡೆಯಬೇಕು. ಆ ದಾರಿಯಲ್ಲಿ ಸತ್ತವರು ತಿಂದ ಮೀನಿನಿಂದ ಹಿಡಿದು ಮ್ಯೂಸಿಯಂನವರು ಹಚ್ಚಿದ ಅಂಟಿನವರೆಗೆ ಎಲ್ಲವೂ ಕಾಲಿಗೆ ತೊಡರುತ್ತವೆ.

ಗಾಳಿಯಲ್ಲಿ ಮಾತಾಡುವುದಕ್ಕಿಂತ ಒಂದು ನಿಜವಾದ ಜಾಗ ಇಟ್ಟುಕೊಳ್ಳೋಣ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ರೆಪ್ಟನ್ ಅಂತ ಊರು. ಅಲ್ಲಿ ಸೇಂಟ್ ವಿಸ್ಟನ್ ಚರ್ಚು. ಅದರ ನೆಲಮಾಳಿಗೆ ಆಂಗ್ಲೋ-ಸ್ಯಾಕ್ಸನ್ ಕಾಲದ್ದು, ಮರ್ಸಿಯಾ ಎಂಬ ಹಳೆ ರಾಜ್ಯದ ರಾಜರನ್ನು ಹೂತ ಜಾಗ. 873ರ ಚಳಿಗಾಲದಲ್ಲಿ ವೈಕಿಂಗ್ ದಂಡು (ಸ್ಕ್ಯಾಂಡಿನೇವಿಯಾದಿಂದ ಕಡಲು ದಾಟಿ ಬಂದ ದಾಳಿಕೋರರು) ಇಲ್ಲಿ ಬೀಡುಬಿಟ್ಟಿತ್ತು ಎಂದು ಆ ಕಾಲದ ಇತಿಹಾಸ ದಾಖಲೆ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನಲ್ಲಿ ಬರೆದಿದೆ. 1974ರಿಂದ 1988ರವರೆಗೆ ಮಾರ್ಟಿನ್ ಬಿಡಲ್ ಮತ್ತು ಬಿರ್ಥೆ ಕ್ಯೋಲ್ಬಿ-ಬಿಡಲ್ ದಂಪತಿ ಅಗೆದಾಗ ಚರ್ಚಿನ ಸುತ್ತ ಸಮಾಧಿಗಳು ಸಿಕ್ಕವು. ಪಕ್ಕದ ಒಂದು ದಿಬ್ಬದ ಕೆಳಗೆ ಕಡಿಮೆ ಅಂದರೂ 264 ಜನರ ಎಲುಬುಗಳ ರಾಶಿ ಸಿಕ್ಕಿತು. ಜೊತೆಗೆ 870ರ ಆಸುಪಾಸಿನ ಬೆಳ್ಳಿ ನಾಣ್ಯಗಳು. ಎಲ್ಲ ಕೂಡಿ ಬಂತು ಅನ್ನುವಷ್ಟರಲ್ಲಿ ಮೊದಲ ರೇಡಿಯೋಕಾರ್ಬನ್ ಅಳತೆಗಳು ಬಂದವು. ಕೆಲವು ಎಲುಬು 7, 8ನೇ ಶತಮಾನದವು ಅಂದವು. ಅಂದರೆ ವೈಕಿಂಗರು ಬರುವುದಕ್ಕಿಂತ ಎಷ್ಟೋ ಮುಂಚೆ ಸತ್ತವರು! ಗೊಂದಲ ಬಗೆಹರಿದದ್ದು 2018ರಲ್ಲಿ. ಹೇಗೆ ಅನ್ನುವುದು 7ನೇ ಹಂತದಲ್ಲಿ ಬರುತ್ತದೆ.

ಶುರು ಮಾಡುವ ಮೊದಲು ಗೊತ್ತಿರಬೇಕಾದ್ದು

ಬಾಹ್ಯಾಕಾಶದಿಂದ ಬರುವ ಕಿರಣಗಳಿಂದ ಗಾಳಿಯಲ್ಲಿ ಕಾರ್ಬನ್-14 ಹುಟ್ಟುತ್ತಲೇ ಇರುತ್ತದೆ. ಗಿಡ ಅದನ್ನು ಹೀರುತ್ತದೆ, ಗಿಡ ತಿಂದ ದನಕ್ಕೆ ಹೋಗುತ್ತದೆ, ಎರಡನ್ನೂ ತಿಂದ ಮನುಷ್ಯನ ಮೈಗೂ ಸೇರುತ್ತದೆ. ಸತ್ತ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ನಿಧಾನಕ್ಕೆ ಕರಗುತ್ತಾ ಹೋಗುತ್ತದೆ. ಅರ್ಧ ಆಗಲು ಸುಮಾರು 5,730 ವರ್ಷ ಬೇಕು. (ಲ್ಯಾಬ್‌ಗಳು ಹಳೆ ರೂಢಿಯಂತೆ 5,568 ಹಿಡಿದೇ ಲೆಕ್ಕ ಹಾಕುತ್ತವೆ. ಆ ವ್ಯತ್ಯಾಸ ಮುಂದೆ 8ನೇ ಹಂತದ ಕ್ಯಾಲಿಬ್ರೇಶನ್‌ನಲ್ಲಿ ಸರಿಹೋಗುತ್ತದೆ, ತಲೆಕೆಡಿಸಿಕೊಳ್ಳಬೇಡಿ.) ಈ ವಿಧಾನ ಕಂಡುಹಿಡಿದ ವಿಲ್ಲರ್ಡ್ ಲಿಬ್ಬಿಗೆ 1960ರಲ್ಲಿ ನೊಬೆಲ್ ಬಂತು.

ಮಧ್ಯಯುಗದ ಎಲುಬು ಅಂದರೆ ಹೆಚ್ಚುಕಮ್ಮಿ 500ರಿಂದ 1,400 ವರ್ಷ ಹಳೆಯದು. ಸಾವಿರ ವರ್ಷದಲ್ಲಿ ಕರಗುವುದು ಬರೀ ಶೇ. 11ರಷ್ಟು. ಅಂದರೆ ನೀವು ಅಳೆಯುತ್ತಿರುವುದು ಬಹಳ ಸಣ್ಣ ಬದಲಾವಣೆ, ಆದ್ದರಿಂದ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ಇನ್ನೆರಡು ಪದ. "ಬಿಪಿ" ಅಂದರೆ 1950ಕ್ಕೆ ಎಷ್ಟು ವರ್ಷ ಹಿಂದೆ ಎಂದು. ಇವತ್ತಿನಿಂದ ಲೆಕ್ಕ ಹಾಕುವವರು ಇದ್ದಾರೆ, ನೀವು ಹಾಗೆ ಮಾಡಬೇಡಿ. "ಎಎಂಎಸ್" ಅಂದರೆ ಕಾರ್ಬನ್-14ರ ಪರಮಾಣುಗಳನ್ನೇ ನೇರವಾಗಿ ಎಣಿಸುವ ಯಂತ್ರ. ಹಿಂದೆ ಕೈತುಂಬ ಎಲುಬು ಸುಡಬೇಕಾಗಿತ್ತು, ಈಗ ಒಂದು ಗ್ರಾಂ ಸಾಕಾಗುತ್ತದೆ.

ಹಂತ 1: ಪ್ರಶ್ನೆ ಬರೆದಿಟ್ಟುಕೊಳ್ಳಿ

"ಈ ಸ್ಮಶಾನ ಯಾವ ಕಾಲದ್ದು" ಅನ್ನುವುದು ಪ್ರಶ್ನೆಯೇ ಅಲ್ಲ. ಚರ್ಚಿನ ಅಂಗಳದಲ್ಲಿ ಐನೂರು ಆರುನೂರು ವರ್ಷ ಒಂದರ ಮೇಲೊಂದು ಹೂತಿರುತ್ತಾರೆ. ಅದಕ್ಕೆ ಒಂದು ಇಸವಿ ಎಲ್ಲಿಂದ ತರುತ್ತೀರಿ? ಹೀಗೆ ಕೇಳಿ: ಮೊದಲ ಸಮಾಧಿ ಯಾವಾಗ ಆಯಿತು? ಕಲ್ಲಿನ ಚರ್ಚು ಕಟ್ಟುವ ಮುಂಚೆಯೇ ಇಲ್ಲಿ ಹೂಳುತ್ತಿದ್ದರಾ? ಉತ್ತರ ದಿಕ್ಕಿನ ಸಾಲು ದಕ್ಷಿಣದ ಸಾಲಿಗಿಂತ ತಡವಾ? ಈ ಗುಂಪು ಸಮಾಧಿ ಒಂದೇ ಸಲ ತುಂಬಿದ್ದಾ, ಅಥವಾ ನೂರು ವರ್ಷದಲ್ಲಿ ತುಂಬಿದ್ದಾ?

ಪ್ರಶ್ನೆ ಬದಲಾದರೆ ಆರಿಸುವ ಎಲುಬೂ ಬದಲಾಗುತ್ತದೆ. ಒಂದೊಂದು ಅಳತೆಗೂ ಕೆಲವು ನೂರು ಪೌಂಡ್ ಖರ್ಚಿದೆ. ಸುಮ್ನೆ ಕೈಗೆ ಸಿಕ್ಕಿದ ಎಲುಬು ಕಳಿಸಿದರೆ ದುಡ್ಡೂ ಹೋಗುತ್ತದೆ, ಎಲುಬೂ ಹೋಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಶ್ನೆಗೆ ಇಪ್ಪತ್ತು ವರ್ಷದೊಳಗಿನ ಉತ್ತರ ಬೇಕಿದ್ದರೆ, ಒಂದೇ ಎಲುಬಿನಿಂದ ಅದು ಸಿಗುವುದಿಲ್ಲ. ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಂತ 2: ಅನುಮತಿ

ಎಲುಬು ಕತ್ತರಿಸುವುದು ಅಂದರೆ ಒಬ್ಬರ ದೇಹದ ಭಾಗವನ್ನು ನಾಶ ಮಾಡುವುದು. ಇಂಗ್ಲೆಂಡಿನಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಪವಿತ್ರೀಕರಿಸಿದ ನೆಲವಾದರೆ ಅಗೆಯಲು ಬಿಷಪ್ಪರ ಆಡಳಿತ ವಲಯವಾದ ಡಯಾಸಿಸ್‌ನಿಂದ "ಫ್ಯಾಕಲ್ಟಿ" ಎಂಬ ಅನುಮತಿ ಪತ್ರ ಬೇಕು. ಉಳಿದ ಕಡೆ ಸಾಮಾನ್ಯವಾಗಿ 1857ರ ಸಮಾಧಿ ಕಾಯ್ದೆಯಡಿ ನ್ಯಾಯ ಸಚಿವಾಲಯದ ಲೈಸೆನ್ಸ್ ಬೇಕಾಗುತ್ತದೆ. ಸ್ಕಾಟ್ಲೆಂಡಿನ ಕಾನೂನು ಬೇರೆ. ಎಲುಬು ಈಗಾಗಲೇ ಮ್ಯೂಸಿಯಂ ಅಥವಾ ವಿಶ್ವವಿದ್ಯಾಲಯದ ಪೆಟ್ಟಿಗೆಯಲ್ಲಿದ್ದರೆ ಅದನ್ನು ನೋಡಿಕೊಳ್ಳುವವರ ಒಪ್ಪಿಗೆ ಬೇಕು. ಅವರು ಯಾಕೆ, ಎಷ್ಟು, ಯಾವ ಭಾಗ ಎಂದು ಕೇಳುತ್ತಾರೆ. 1ನೇ ಹಂತ ಸರಿಯಾಗಿ ಮಾಡಿದ್ದರೆ ಉತ್ತರ ನಿಮ್ಮ ಹತ್ತಿರ ಸಿದ್ಧ ಇರುತ್ತದೆ.

ಡಿಎನ್ಎ, ಆಹಾರದ ಅಧ್ಯಯನ ಮಾಡುವವರೂ ಅದೇ ಅಸ್ಥಿಪಂಜರದ ಮೇಲೆ ಕಣ್ಣಿಟ್ಟಿರುತ್ತಾರೆ. ಎಲ್ಲರೂ ಕೂತು ಮಾತಾಡಿ ಒಂದೇ ಸಲ ಕತ್ತರಿಸಿ.

ಹಂತ 3: ಯಾವ ಅಸ್ಥಿಪಂಜರ?

ಇಲ್ಲಿ ಎಡವುವವರೇ ಜಾಸ್ತಿ. ಚರ್ಚಿನ ಅಂಗಳದ ಮಣ್ಣು ನೂರಾರು ವರ್ಷ ಅಗೆದು ಮುಚ್ಚಿ, ಮತ್ತೆ ಅಗೆದ ಮಣ್ಣು. ಹೊಸ ಗುಂಡಿ ತೋಡುವಾಗ ಹಳೆಯವರ ಎಲುಬು ಮೇಲೆ ಬರುತ್ತದೆ, ಮಣ್ಣು ಮುಚ್ಚುವಾಗ ಅದೂ ಒಳಗೆ ಹೋಗುತ್ತದೆ. 1300ರ ಗುಂಡಿಯಲ್ಲಿ 1000ದ ಮೂಳೆ ಸಿಗುವುದು ಸಹಜ.

ಆದ್ದರಿಂದ ಮೊದಲ ನಿಯಮ: ಕೀಲುಗಳು ಜೋಡಿಸಿಕೊಂಡೇ ಇರುವ ಅಸ್ಥಿಪಂಜರವನ್ನೇ ಆರಿಸಿ. ಬೆನ್ನುಮೂಳೆ ಸಾಲಾಗಿದೆಯಾ, ಕೈಬೆರಳಿನ ಎಲುಬು ತಮ್ಮ ಜಾಗದಲ್ಲಿವೆಯಾ? ಹಾಗಿದ್ದರೆ ಮಾಂಸ ಇರುವಾಗಲೇ ಹೂತದ್ದು, ಆಮೇಲೆ ಯಾರೂ ಮುಟ್ಟಿಲ್ಲ. ಬಿಡಿ ಎಲುಬಿಗೆ ಆ ಭರವಸೆ ಇಲ್ಲ.

ಎರಡನೆಯದು, ಒಂದನ್ನೊಂದು ಕತ್ತರಿಸಿದ ಸಮಾಧಿಗಳನ್ನು ಹುಡುಕಿ. 'ಬಿ' ಗುಂಡಿ 'ಎ' ಗುಂಡಿಯ ಮೂಲೆ ಕತ್ತರಿಸಿದೆ ಎಂದರೆ 'ಎ' ಮೊದಲು, 'ಬಿ' ಆಮೇಲೆ. ಇದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ, ಮಣ್ಣೇ ಹೇಳುತ್ತದೆ. ಇಂಥ ಸರಪಳಿ ಮೂರು ನಾಲ್ಕು ಸಿಕ್ಕರೆ ಎಲ್ಲವನ್ನೂ ಕಳಿಸಿ, ಯಾಕೆ ಅಂತ 9ನೇ ಹಂತದಲ್ಲಿ ನೋಡೋಣ. ಚರ್ಚಿನ ಗೋಡೆಯ ತಳಪಾಯ ಸಮಾಧಿಯನ್ನು ಕತ್ತರಿಸಿದ್ದರಂತೂ ಬಂಗಾರ: ಆ ಮನುಷ್ಯ ಸತ್ತ ಮೇಲೆ ಗೋಡೆ ಎದ್ದಿದೆ. ಕಾಗದಪತ್ರ ಇಲ್ಲದ ಚಿಕ್ಕ ಹಳ್ಳಿ ಚರ್ಚಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗುವುದು ಕಷ್ಟ.

ರಾಶಿ ಎಲುಬಾದರೆ? ರೆಪ್ಟನ್ನಿನಂಥ ಕಡೆ ಯಾರ ತಲೆ ಯಾರ ಕಾಲು ಎಂದು ಗೊತ್ತಾಗುವುದಿಲ್ಲ. ಆಗ ಎಲ್ಲರಿಂದಲೂ ಒಂದೇ ಎಲುಬು ತೆಗೆದುಕೊಳ್ಳಿ, ಉದಾಹರಣೆಗೆ ಎಡ ತೊಡೆಮೂಳೆ ಮಾತ್ರ. ಒಬ್ಬರಿಗೆ ಎರಡು ಎಡ ತೊಡೆ ಇರುವುದಿಲ್ಲ ಅಲ್ವಾ? ಒಬ್ಬರನ್ನೇ ಎರಡು ಸಲ ಅಳೆದು ಇಬ್ಬರು ಅಂದುಕೊಳ್ಳುವ ತಪ್ಪು ಹೀಗೆ ತಪ್ಪುತ್ತದೆ.

ಶವಪೆಟ್ಟಿಗೆಯ ಮರ, ಇದ್ದಿಲು ಇದ್ದರೆ ಆಸೆಪಡಬೇಡಿ. 9ರಿಂದ 12ನೇ ಶತಮಾನದವರೆಗೆ ಇಂಗ್ಲೆಂಡಿನ ಕೆಲವು ದೊಡ್ಡ ಚರ್ಚುಗಳಲ್ಲಿ ಇದ್ದಿಲು ಹಾಸಿ ಹೂಳುವ ಪದ್ಧತಿ ಇತ್ತು. ಆದರೆ ಆ ಇದ್ದಿಲು ಮುನ್ನೂರು ವರ್ಷದ ಓಕ್ ಮರದ ನಡುಭಾಗದ್ದಾದರೆ ನಿಮಗೆ ಸಿಗುವುದು ಆ ಉಂಗುರ ಬೆಳೆದ ಕಾಲ. ಮರ ಕಡಿದದ್ದು ಅದಕ್ಕಿಂತ ಎಷ್ಟೋ ತಡ. ಮರ ಕಳಿಸಲೇಬೇಕಿದ್ದರೆ ಸಣ್ಣ ಕಡ್ಡಿ, ತೊಗಟೆಗೆ ಅಂಟಿದ ಉಂಗುರ ಹುಡುಕಿ. ಉಂಗುರ ಸ್ಪಷ್ಟ ಇರುವ ಹಲಗೆ ಸಿಕ್ಕರೆ ಮಾತ್ರ ಲೆಕ್ಕ ಬೇರೆ. 774ರಿಂದ 775ಕ್ಕೆ ಗಾಳಿಯ ಕಾರ್ಬನ್-14 ಸುಮಾರು ಶೇ. 1.2ರಷ್ಟು ದಿಢೀರನೆ ಏರಿತ್ತು ಎಂದು ಜಪಾನಿನ ಫುಸಾ ಮಿಯಾಕೆ ತಂಡ 2012ರಲ್ಲಿ ತೋರಿಸಿತು. 993ರ ಹೊತ್ತಿಗೆ ಇನ್ನೊಂದು ಏರಿಕೆ ಇದೆ. ಹಲಗೆಯಲ್ಲಿ ಆ ಉಂಗುರ ಸಿಕ್ಕರೆ ಅಲ್ಲಿಂದ ತೊಗಟೆವರೆಗೆ ಎಣಿಸಿ ಮರ ಕಡಿದ ವರ್ಷವನ್ನೇ ಹೇಳಬಹುದು. ಎಲುಬಿನಲ್ಲಿ ಇದು ನಡೆಯುವುದಿಲ್ಲ, ಅದರಲ್ಲಿ ಹಲವು ವರ್ಷದ ಊಟ ಕಲೆತಿರುತ್ತದೆ.

ಹಂತ 4: ಯಾವ ಎಲುಬು, ಎಷ್ಟು?

ಬೇಕಾಗಿರುವುದು ಕೊಲಾಜೆನ್, ಅಂದರೆ ಎಲುಬಿಗೆ ಬಿಗಿ ಕೊಡುವ ಪ್ರೋಟೀನ್. ತಾಜಾ ಎಲುಬಿನ ತೂಕದಲ್ಲಿ ಸುಮಾರು ಶೇ. 20ರಷ್ಟು ಅದೇ. ಮಣ್ಣಿನಲ್ಲಿ ಅದು ಕರಗುತ್ತದೆ. ಸುಣ್ಣದ ಮಣ್ಣಿನಲ್ಲಿ ಎಲುಬು ಚೆನ್ನಾಗಿ ಉಳಿದಿರುತ್ತದೆ, ಹುಳಿ (ಆಮ್ಲೀಯ) ಮರಳಿನಲ್ಲಿ ಎಷ್ಟೋ ಸಲ ಎಲುಬಿನ ನೆರಳಷ್ಟೇ ಉಳಿಯುತ್ತದೆ. ಗಟ್ಟಿಯಾಗಿ, ನುಣ್ಣಗೆ ಇರುವ ತೊಡೆಮೂಳೆಯ ನಡುಭಾಗ ಒಳ್ಳೆಯದು. ಪಕ್ಕೆಲುಬೂ ನಡೆಯುತ್ತದೆ. 1ರಿಂದ 2 ಗ್ರಾಂ ಸಾಕು, ಆದರೂ ಲ್ಯಾಬ್‌ನವರನ್ನು ಕೇಳಿ.

ದೊಡ್ಡವರ ತೊಡೆಮೂಳೆ ಬಹಳ ನಿಧಾನಕ್ಕೆ ಹೊಸದಾಗುತ್ತದೆ, ಅದರ ಕಾರ್ಬನ್ ಸಾಯುವ ಮುಂಚಿನ ಹತ್ತಾರು ವರ್ಷಗಳ ಸರಾಸರಿ. ಪಕ್ಕೆಲುಬು ಸ್ವಲ್ಪ ಬೇಗ ಬದಲಾಗುತ್ತದೆ. ಹಲ್ಲಿನ ಒಳಭಾಗ ಚಿಕ್ಕಂದಿನಲ್ಲೇ ಆಗಿ ಮುಗಿದಿರುತ್ತದೆ. ಅರವತ್ತು ವರ್ಷದವರ ಹಲ್ಲು ಅಳೆದರೆ ಸಿಗುವುದು ಅವರ ಬಾಲ್ಯದ ಕಾಲ, ಸಾವಿಗಿಂತ ಐವತ್ತು ವರ್ಷ ಮುಂಚಿನದು. ಒಳಕಿವಿಯನ್ನು ಸುತ್ತಿರುವ ಗಟ್ಟಿ ಎಲುಬೂ ಹಾಗೆಯೇ. ಡಿಎನ್ಎಯವರು ಅದನ್ನೇ ಕೇಳುತ್ತಾರೆ, ಉಳಿದ ಪುಡಿಯನ್ನು "ಇದನ್ನೂ ಡೇಟ್ ಮಾಡಿಸಿ" ಅಂತ ಕೊಟ್ಟರೆ ಈ ವಿಷಯ ನೆನಪಿರಲಿ.

ಕತ್ತರಿಸುವ ಮುಂಚೆ ಫೋಟೋ ತೆಗೆಯಿರಿ, ಉದ್ದಗಲ ಅಳೆಯಿರಿ. ರೋಗದ ಗುರುತು, ಗಾಯದ ಗುರುತು ಇರುವ ಕಡೆ ಕೈ ಹಾಕಬೇಡಿ. ಸಣ್ಣ ಗರಗಸದ ಚಕ್ರ ನಿಧಾನಕ್ಕೆ ತಿರುಗಲಿ. ಸುಟ್ಟ ವಾಸನೆ ಬಂತೆಂದರೆ ಕೊಲಾಜೆನ್ ಹಾಳಾಗುತ್ತಿದೆ ಎಂದು ಅರ್ಥ. ಮಾಸ್ಕ್ ಹಾಕಿಕೊಳ್ಳಿ, ಎಲುಬಿನ ಪುಡಿ ಎದೆಗೆ ಒಳ್ಳೆಯದಲ್ಲ.

ಹಂತ 5: ಅಂಟು ಮತ್ತು ಪ್ಯಾಕಿಂಗ್

1970ರ, 80ರ ದಶಕದಲ್ಲಿ ಅಗೆದ ಎಲುಬು ಪುಡಿಯಾಗದಿರಲಿ ಎಂದು ಪಿವಿಎ, ಪ್ಯಾರಲಾಯ್ಡ್ ಥರದ ಕೃತಕ ಅಂಟಿನ ದ್ರಾವಣ ಹಚ್ಚಿರುತ್ತಾರೆ. ಮುರಿದದ್ದನ್ನು ಅಂಟಿಸಿರುತ್ತಾರೆ. ಇವುಗಳ ಕಾರ್ಬನ್ ಪೆಟ್ರೋಲಿಯಂನಿಂದ ಬಂದದ್ದು, ಅದರಲ್ಲಿ ಕಾರ್ಬನ್-14 ಸೊನ್ನೆ. ಲೆಕ್ಕ ನೋಡಿ: ಸಾವಿರ ವರ್ಷದ ಎಲುಬಿಗೆ ಶೇ. 1ರಷ್ಟು ಇವತ್ತಿನ ಕಾರ್ಬನ್ ಸೇರಿದರೆ ಅದು ಸುಮಾರು 10 ವರ್ಷ ಹೊಸದಾಗಿ ಕಾಣುತ್ತದೆ. ಅದೇ ಶೇ. 1ರಷ್ಟು ಪೆಟ್ರೋಲಿಯಂ ಕಾರ್ಬನ್ ಸೇರಿದರೆ ಸುಮಾರು 80 ವರ್ಷ ಹಳೆಯದಾಗುತ್ತದೆ! ಎಲ್ಲರೂ ಕೈಬೆವರಿಗೆ ಹೆದರುತ್ತಾರೆ, ಮಧ್ಯಯುಗದ ಎಲುಬಿಗೆ ನಿಜವಾದ ಶತ್ರು ಅಂಟು.

ಎಲುಬನ್ನು ಬೆಳಕಿಗೆ ಹಿಡಿದು ನೋಡಿ. ಹೊಳಪಿನ ಪದರ, ಬಿರುಕಿನಲ್ಲಿ ಹಳದಿ ಗೆರೆ ಕಂಡರೆ ಬೇರೆ ಭಾಗ ಆರಿಸಿ. ಬೇರೆ ಇಲ್ಲದಿದ್ದರೆ ಲ್ಯಾಬ್‌ಗೆ ಬರೆದು ತಿಳಿಸಿ, ಅವರಲ್ಲಿ ದ್ರಾವಕದಿಂದ ತೊಳೆಯುವ ಕ್ರಮ ಇದೆ. ಮುಚ್ಚಿಟ್ಟರೆ ಅವರಿಗೆ ಗೊತ್ತಾಗದೆಯೂ ಹೋಗಬಹುದು. ಅದರಲ್ಲೂ ಹಳೆ ಕಾಲದಲ್ಲಿ ದನದ ಎಲುಬು ಚರ್ಮ ಕುದಿಸಿ ಮಾಡುತ್ತಿದ್ದ ಅಂಟು ಸ್ವತಃ ಕೊಲಾಜೆನ್ನೇ. ಅದನ್ನು ಬೇರ್ಪಡಿಸುವುದು ಬಹಳ ಕಷ್ಟ.

ಪ್ಯಾಕಿಂಗ್ ಸರಳ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಹತ್ತಿ, ಟಿಶ್ಯೂ, ಕಾಗದದ ಚೀಟಿ ಎಲುಬಿಗೆ ತಾಗಬಾರದು. ಸಮಾಧಿ ಸಂಖ್ಯೆ ಚೀಲದ ಹೊರಗೆ ಬರೆಯಿರಿ.

ಹಂತ 6: ಲ್ಯಾಬ್‌ನಿಂದ ಏನು ಕೇಳಬೇಕು?

ಆಕ್ಸ್‌ಫರ್ಡ್, ಸ್ಕಾಟ್ಲೆಂಡಿನ ಈಸ್ಟ್ ಕಿಲ್‌ಬ್ರೈಡ್, ಬೆಲ್‌ಫಾಸ್ಟ್, ಬ್ರಿಸ್ಟಲ್, ಪೋಲೆಂಡಿನ ಪೊಜ್ನಾನ್, ಹೀಗೆ ಲ್ಯಾಬ್‌ಗಳು ಬಹಳ. ನಮ್ಮಲ್ಲೂ ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನಲ್ಲಿ ಎಎಂಎಸ್ ಇದೆ. ಲ್ಯಾಬ್ ಯಾವುದಾದರೂ ಇರಲಿ, ಬರೀ ಬಿಪಿ ಸಂಖ್ಯೆ ತೆಗೆದುಕೊಂಡು ಬರಬೇಡಿ. ಇವೂ ಬೇಕು:

ಕೊಲಾಜೆನ್ ಇಳುವರಿ: ಎಲುಬಿನ ತೂಕದ ಶೇ. 1ಕ್ಕಿಂತ ಕಡಿಮೆ ಬಂದರೆ ಅನುಮಾನಪಡಿ.

ಕಾರ್ಬನ್-ನೈಟ್ರೋಜನ್ ಅನುಪಾತ: 2.9ರಿಂದ 3.6ರೊಳಗೆ ಇರಬೇಕು. ಇದರ ಹೊರಗೆ ಬಂದರೆ ಕೊಲಾಜೆನ್ ಹಾಳಾಗಿದೆ, ಇಲ್ಲವೇ ಏನೋ ಬೆರೆತಿದೆ. ಆ ಫಲಿತಾಂಶ ಎಷ್ಟು ಚೆನ್ನಾಗಿ ಕಂಡರೂ ಬಿಟ್ಟುಬಿಡಿ.

ಸ್ಥಿರ ಐಸೋಟೋಪ್‌ಗಳು: ಅಂದರೆ ಕರಗದೆ ಹಾಗೇ ಉಳಿಯುವ ಕಾರ್ಬನ್-13, ನೈಟ್ರೋಜನ್-15ರ ಅಳತೆ. ಎಎಂಎಸ್ ಯಂತ್ರ ತನ್ನ ಲೆಕ್ಕಕ್ಕೆ ಒಂದು ಕಾರ್ಬನ್-13 ಸಂಖ್ಯೆ ಕೊಡುತ್ತದೆ, ಅದು ಆಹಾರದ ವಿಚಾರಕ್ಕೆ ಆಗುವುದಿಲ್ಲ. ಬೇರೆ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆದದ್ದೇ ಬೇಕು ಎಂದು ಫಾರಂನಲ್ಲೇ ಬರೆಯಿರಿ. ಮುಂದಿನ ಹಂತ ಪೂರ್ತಿ ಇದರ ಮೇಲೆ ನಿಂತಿದೆ.

ಎಲುಬು ಕೆಟ್ಟಿದೆಯೋ ಏನೋ ಎಂಬ ಭಯ ಇದ್ದರೆ ಮೊದಲು ಕೆಲವು ಮಿಲಿಗ್ರಾಂ ಪುಡಿಯಲ್ಲಿ ನೈಟ್ರೋಜನ್ ಎಷ್ಟಿದೆ ಎಂದು ನೋಡಿಸಿ. ಅಗ್ಗದ ಪರೀಕ್ಷೆ. ಸುಮಾರು ಶೇ. 0.7ಕ್ಕಿಂತ ಮೇಲಿದ್ದರೆ ಮುಂದುವರಿಯಬಹುದು.

ಹಂತ 7: ಮೀನಿನ ಲೆಕ್ಕ

ಇದೇ ರೆಪ್ಟನ್ನಿನ ಗಂಟು. ಸ್ವಲ್ಪ ನಿಧಾನಕ್ಕೆ ಓದಿ.

ಗಾಳಿಯ ಕಾರ್ಬನ್ ಸಮುದ್ರಕ್ಕೆ ಹೋದ ಮೇಲೆ ಆಳದ ನೀರಿನಲ್ಲಿ ನೂರಾರು ವರ್ಷ ಸುತ್ತುತ್ತದೆ. ಅಲ್ಲೇ ಅದರ ಕಾರ್ಬನ್-14 ಕರಗುತ್ತಾ ಬರುತ್ತದೆ. ತೊಟ್ಟಿಯ ಹಳೆ ನೀರಿಗೆ ಹೊಸ ನೀರು ಬಿಟ್ಟ ಹಾಗೆ, ಮೇಲಿನ ನೀರಿನಲ್ಲಿ ಯಾವಾಗಲೂ ಹಳೆಯದು ಬೆರೆತಿರುತ್ತದೆ. ಆದ್ದರಿಂದ ಮಧ್ಯಯುಗದಲ್ಲಿ ಹಿಡಿದ ಕಾಡ್ ಎಂಬ ಸಮುದ್ರದ ಮೀನು ಹಿಡಿದ ದಿನವೇ ಸುಮಾರು 400 ವರ್ಷ ಹಳೆಯದರಂತೆ ಕಾಣುತ್ತದೆ. ಅದನ್ನು ದಿನಾ ತಿಂದವರ ಎಲುಬೂ ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ.

ಚರ್ಚಿನ ಸ್ಮಶಾನಕ್ಕೆ ಇದು ಯಾಕೆ ಮುಖ್ಯ ಎಂದರೆ, ಶುಕ್ರವಾರ, ಉಪವಾಸದ ದಿನ, ಈಸ್ಟರ್ ಮುಂಚಿನ ನಲವತ್ತು ದಿನ ಮಾಂಸ ಬಿಟ್ಟು ಮೀನು ತಿನ್ನುವವರೇ ಇಲ್ಲಿ ಮಲಗಿದ್ದಾರೆ. ಇಂಗ್ಲೆಂಡಿನಲ್ಲಿ ಸುಮಾರು 1000ದ ಹೊತ್ತಿಗೆ ಕಾಡ್, ಹೆರಿಂಗ್ ಮೀನಿನ ಬಳಕೆ ಇದ್ದಕ್ಕಿದ್ದ ಹಾಗೆ ಏರಿತು ಎಂದು ಊರುಗಳ ಕಸದ ಗುಂಡಿಯ ಮೀನಿನ ಮುಳ್ಳು ಹೇಳುತ್ತದೆ. ಆಮೇಲಿನ ಯಾವ ಸ್ಮಶಾನವನ್ನೂ ಮೀನಿನ ಲೆಕ್ಕ ಇಲ್ಲದೆ ಮುಟ್ಟಬೇಡಿ. ಸಂನ್ಯಾಸಿ ಮಠದ ಸ್ಮಶಾನವಾದರಂತೂ ಕೇಳಲೇಬೇಡಿ.

ಲೆಕ್ಕ ಹೀಗೆ. ನೆಲದ ಆಹಾರ ಮಾತ್ರ ತಿಂದವರ ಕೊಲಾಜೆನ್‌ನಲ್ಲಿ ಕಾರ್ಬನ್-13ರ ಮೌಲ್ಯ (ಒಂದು ಮಾನದಂಡಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಸಂಖ್ಯೆ) ಸುಮಾರು ಮೈನಸ್ 21, ಪೂರ್ತಿ ಸಮುದ್ರದ ಆಹಾರದವರಲ್ಲಿ ಸುಮಾರು ಮೈನಸ್ 12. ಎರಡರ ನಡುವೆ 9 ಅಂಶ. ನಿಮ್ಮ ಅಸ್ಥಿಪಂಜರದ್ದು ಮೈನಸ್ 19.2 ಬಂತು ಅಂದುಕೊಳ್ಳಿ. 21ರಲ್ಲಿ 19.2 ಕಳೆದರೆ 1.8, ಅದನ್ನು 9ರಿಂದ ಭಾಗಿಸಿದರೆ 0.2. ಅಂದರೆ ಶೇ. 20 ಸಮುದ್ರದ ಕಾರ್ಬನ್. 400 ವರ್ಷದ ಶೇ. 20 ಅಂದರೆ 80 ವರ್ಷ. 1240 ಬಿಪಿ ಬಂದ ಎಲುಬು ಹಾಗೇ ನೋಡಿದರೆ ಹೆಚ್ಚಾಗಿ 7ನೇ ಶತಮಾನದ ಕೊನೆಯಿಂದ 9ನೇ ಶತಮಾನದ ಕೊನೆಯೊಳಗೆ ಬೀಳುತ್ತದೆ. 80 ವರ್ಷ ಸರಿಸಿದರೆ 9, 10ನೇ ಶತಮಾನದ ಕಡೆ ಬರುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಕ್ಯಾಟ್ ಜಾರ್ಮನ್ ಮತ್ತು ಸಂಗಡಿಗರು ರೆಪ್ಟನ್ನಿನ ರಾಶಿಯನ್ನು ಹೊಸದಾಗಿ ಅಳೆದು, ಈ ತಿದ್ದುಪಡಿ ಮಾಡಿದಾಗ, ಎಲ್ಲ ಎಲುಬೂ 9ನೇ ಶತಮಾನದ ಕೊನೆಯ ಒಂದೇ ಘಟನೆಗೆ ಹೊಂದಿಕೊಂಡವು. ನಾಣ್ಯಗಳೂ ಸುಳ್ಳು ಹೇಳಿರಲಿಲ್ಲ, ಕಾರ್ಬನ್ನೂ ಸುಳ್ಳು ಹೇಳಿರಲಿಲ್ಲ.

ಲೆಸ್ಟರ್‌ನ ಕಾರ್ ಪಾರ್ಕಿಂಗ್ ಕೆಳಗೆ, ಗ್ರೇಫ್ರೈಯರ್ಸ್ ಮಠದ ಚರ್ಚಿನ ಜಾಗದಲ್ಲಿ 2012ರಲ್ಲಿ ಸಿಕ್ಕ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ ಕಥೆಯೂ ಇದೇ. ಪಕ್ಕೆಲುಬಿನ ಚೂರು ಎರಡು ಲ್ಯಾಬ್‌ಗೆ ಹೋಯಿತು. ತಿದ್ದುಪಡಿ ಇಲ್ಲದ ಕಾಲ ಅವನು ಸತ್ತ 1485ಕ್ಕಿಂತ ದಶಕಗಳಷ್ಟು ಹಿಂದೆ ಬಂತು. ರಾಜಮನೆತನದವನು, ಮೀನು ಚೆನ್ನಾಗಿ ತಿಂದಿದ್ದ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ 1475ರಿಂದ 1530ರೊಳಗೆ ಎಂದು ಶೇ. 69 ಸಂಭವದೊಂದಿಗೆ ಬಂತು.

ಇನ್ನು ಎಡವುವ ಜಾಗಗಳು. ನದಿ ಮೀನು ತಿಂದವರಲ್ಲಿ ಕಾರ್ಬನ್-13 ನೆಲದ ಆಹಾರದಂತೆಯೇ ಕಾಣಬಹುದು, ಆದರೆ ಸುಣ್ಣಕಲ್ಲಿನ ನೀರಿನ ಹಳೆ ಕಾರ್ಬನ್ ಒಳಗೆ ಇರುತ್ತದೆ. ನೈಟ್ರೋಜನ್-15 ಮಾತ್ರ ಜಾಸ್ತಿ ಬಂದಿದ್ದರೆ ಇದನ್ನು ಅನುಮಾನಿಸಿ. ಆದರೆ ಮೊಲೆಹಾಲು ಕುಡಿಯುವ ಮಗುವಿನಲ್ಲೂ ನೈಟ್ರೋಜನ್-15 ತಾಯಿಗಿಂತ 2, 3 ಅಂಶ ಜಾಸ್ತಿ ಇರುತ್ತದೆ, ಅದನ್ನು ನೋಡಿ "ಮಗು ಮೀನು ತಿಂದಿದೆ" ಎಂದು ಬರೆದುಬಿಡಬೇಡಿ. ಎಂಜಲು ತಿಂದು ಬೆಳೆದ ಹಂದಿಯ ಮಾಂಸವೂ ಇದೇ ಆಟ ಆಡುತ್ತದೆ. ಆದ್ದರಿಂದ ಅದೇ ಜಾಗದ, ಅದೇ ಕಾಲದ ದನ, ಕುರಿ, ಹಂದಿಯ ಎಲುಬನ್ನೂ ಕೆಲವು ಅಳೆಸಿ, ಹೋಲಿಸಿ ನೋಡಿ. ಕುರಿ ಮೀನು ತಿನ್ನುವುದಿಲ್ಲ. ಮನುಷ್ಯನ ಜೊತೆಗೇ ಹೂತ ಕುರಿ ಎಲುಬು ಸಿಕ್ಕರೆ ಎರಡನ್ನೂ ಡೇಟ್ ಮಾಡಿಸಿ, ವ್ಯತ್ಯಾಸ ಎಷ್ಟು ಎಂದು ನೇರವಾಗಿ ಗೊತ್ತಾಗುತ್ತದೆ.

ಇದನ್ನೆಲ್ಲ ಉತ್ಪ್ರೇಕ್ಷೆ ಅಂದುಕೊಳ್ಳುವವರು ಗ್ರೀನ್‌ಲ್ಯಾಂಡ್ ನೋಡಬೇಕು. ಸ್ಕ್ಯಾಂಡಿನೇವಿಯಾದಿಂದ ಬಂದು ಅಲ್ಲಿ ನೆಲೆಸಿದ್ದ ನಾರ್ಸ್ ಜನರ ಚರ್ಚ್ ಸ್ಮಶಾನಗಳಲ್ಲಿ ಮೊದಲ ತಲೆಮಾರಿನವರ ಊಟದಲ್ಲಿ ಸಮುದ್ರದ ಪಾಲು ಶೇ. 20ರ ಹತ್ತಿರ, ಕೊನೆಯವರಲ್ಲಿ ಶೇ. 80. ತಿದ್ದುಪಡಿ ಇಲ್ಲದಿದ್ದರೆ ಕೊನೆಗೆ ಸತ್ತವರು ಅವರಿಗಿಂತ ಎಷ್ಟೋ ಮುಂಚೆ ಸತ್ತವರ ಸಾಲಿಗೆ ಬಂದು ನಿಲ್ಲುತ್ತಾರೆ.

ಹಂತ 8: ಕ್ಯಾಲಿಬ್ರೇಶನ್

ಗಾಳಿಯ ಕಾರ್ಬನ್-14 ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಅದಕ್ಕೆ ವಯಸ್ಸು ಗೊತ್ತಿರುವ ಮರದ ಉಂಗುರಗಳನ್ನು ಅಳೆದು ಒಂದು ರೇಖೆ ಮಾಡಿದ್ದಾರೆ. ಉತ್ತರ ಗೋಳಾರ್ಧಕ್ಕೆ ಈಗ ಬಳಸುವುದು ಇಂಟ್‌ಕ್ಯಾಲ್20, ಸಮುದ್ರಕ್ಕೆ ಮರೀನ್20. ಬಿಪಿ ಸಂಖ್ಯೆಯನ್ನು ಈ ರೇಖೆಯ ಮೇಲೆ ಇಟ್ಟು ಇಸವಿಗೆ ತರುವುದೇ ಕ್ಯಾಲಿಬ್ರೇಶನ್. ಆಕ್ಸ್‌ಫರ್ಡಿನ ಆಕ್ಸ್‌ಕ್ಯಾಲ್ ತಂತ್ರಾಂಶ ಇದಕ್ಕೆ ಸಾಕು, ಬ್ರೌಸರ್‌ನಲ್ಲೇ ತೆರೆಯುತ್ತದೆ. ಎರಡೂ ರೇಖೆ ಹಾಕಿ, ಸಮುದ್ರದ ಪಾಲು 20, ಅದರ ತಪ್ಪಿನ ಅಂತರ 10 ಎಂದು ಕೊಟ್ಟರೆ ಮಿಶ್ರ ರೇಖೆ ಅದೇ ಮಾಡಿಕೊಳ್ಳುತ್ತದೆ. ಹಿಂದಿನ ಹಂತದಲ್ಲಿ ಮಾಡಿದ 80 ವರ್ಷದ ಲೆಕ್ಕ ಬರೀ ಅರ್ಥವಾಗಲಿ ಎಂದು, ವರದಿಗೆ ಹಾಗೆ ಕಳೆದು ಹಾಕಬೇಡಿ.

ಪ್ರತಿ ಕಡಲತೀರಕ್ಕೂ ಸ್ಥಳೀಯ ಹೊಂದಾಣಿಕೆ ಸಂಖ್ಯೆ ಇದೆ, ಡೆಲ್ಟಾ-ಆರ್ ಎನ್ನುತ್ತಾರೆ. ಹಳೆ ಲೇಖನದಿಂದ ನಕಲು ಮಾಡಬೇಡಿ. ಹಿಂದಿನ ರೇಖೆಗೆ ಲೆಕ್ಕ ಹಾಕಿದ ಡೆಲ್ಟಾ-ಆರ್ ಮರೀನ್20ಕ್ಕೆ ಹೊಂದುವುದಿಲ್ಲ.

ಮಧ್ಯಯುಗದಲ್ಲಿ ರೇಖೆ ಎಲ್ಲ ಕಡೆ ಕರುಣೆ ತೋರಿಸುವುದಿಲ್ಲ. 900 ಬಿಪಿ ಬಂದರೆ, ಅಳತೆಯ ತಪ್ಪಿನ ಅಂತರ ಹಿಂದೆ ಮುಂದೆ 25 ವರ್ಷ ಮಾತ್ರ ಇದ್ದರೂ, ಉತ್ತರ ಸುಮಾರು 1040ರಿಂದ 1220ರವರೆಗೆ ಹರಡುತ್ತದೆ. 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರು ಬರುವ ಮುಂಚೆಯೋ ಆಮೇಲೋ ಅಂತಲೂ ಹೇಳಲು ಆಗುವುದಿಲ್ಲ. 600 ಬಿಪಿ ಬಂದರೆ 14ನೇ ಶತಮಾನ ಪೂರ್ತಿ ಎರಡು ಗುಡ್ಡಗಳಾಗಿ ಕಾಣುತ್ತದೆ, 1348ರ ಪ್ಲೇಗ್‌ಗೆ ಮುಂಚಿನವರಾ ಆಮೇಲಿನವರಾ ಎಂದು ಕೇಳಿದರೆ ರೇಖೆ ಎರಡಕ್ಕೂ ತಲೆಯಾಡಿಸುತ್ತದೆ. ಎತ್ತರದ ಗುಡ್ಡವನ್ನೇ ಉತ್ತರ ಅಂದುಕೊಂಡು ಇನ್ನೊಂದನ್ನು ಮರೆಯುವುದು ಬಹಳ ಸಾಮಾನ್ಯ ತಪ್ಪು. ಶೇ. 95ರ ಪೂರ್ತಿ ವ್ಯಾಪ್ತಿ ಹಿಡಿಯಿರಿ.

ಹಂತ 9: ಮಣ್ಣು ಹೇಳಿದ್ದನ್ನೂ ಸೇರಿಸಿ

3ನೇ ಹಂತದ ಸರಪಳಿ ಈಗ ಕೆಲಸಕ್ಕೆ ಬರುತ್ತದೆ. 'ಎ', 'ಬಿ', 'ಸಿ' ಮೂರೂ 1040ರಿಂದ 1220 ಅಂದರೂ, ಒಂದರ ಮೇಲೊಂದು ಇವೆ ಎಂದು ತಂತ್ರಾಂಶಕ್ಕೆ ಹೇಳಿದರೆ 'ಎ' ತಡವಾಗಿರುವ ಸಾಧ್ಯತೆ ಕಡಿಮೆಯಾಗುತ್ತದೆ, 'ಸಿ' ಮುಂಚೆ ಆಗಿರುವ ಸಾಧ್ಯತೆಯೂ ಕಡಿಮೆಯಾಗುತ್ತದೆ. ಇದನ್ನು ಬೇಯ್ಸಿಯನ್ ಮಾದರಿ ಎನ್ನುತ್ತಾರೆ, ಅಂದರೆ ಮುಂಚೆಯೇ ಗೊತ್ತಿರುವುದನ್ನು ಅಳತೆಯ ಜೊತೆ ಸೇರಿಸಿ ಲೆಕ್ಕ ಹಾಕುವುದು. ಆಕ್ಸ್‌ಕ್ಯಾಲ್‌ನಲ್ಲಿ ಕ್ರಮ ಗೊತ್ತಿರುವವುಗಳನ್ನು 'ಸೀಕ್ವೆನ್ಸ್' ಒಳಗೆ, ಕ್ರಮ ಗೊತ್ತಿಲ್ಲದ ಗುಂಪನ್ನು 'ಫೇಸ್' ಒಳಗೆ ಹಾಕಬೇಕು. ಹಿಂದೆ ಮುಂದೆ, ಗುಂಪಿನ ಶುರು ಮತ್ತು ಕೊನೆ ಗುರುತಿಸುವ 'ಬೌಂಡರಿ' ಇಡಬೇಕು.

ಬೌಂಡರಿ ಮರೆತರೆ ಏನಾಗುತ್ತದೆ? ಒಂದೇ ವರ್ಷದಲ್ಲಿ ಸತ್ತ ಮೂವತ್ತು ಜನರನ್ನು ಅಳೆದರೂ, ಪ್ರತಿ ಅಳತೆಗೂ ಅಂತರ ಇರುವುದರಿಂದ ಕೆಲವು ಆಚೆ ಕೆಲವು ಈಚೆ ಬೀಳುತ್ತವೆ. ಸುಮ್ನೆ ಸಾಲಾಗಿ ಜೋಡಿಸಿ ನೋಡಿದರೆ ಸ್ಮಶಾನ ನೂರು ವರ್ಷಕ್ಕೂ ಜಾಸ್ತಿ ಬಳಕೆಯಲ್ಲಿತ್ತು ಎಂದು ಅನಿಸುತ್ತದೆ. ಅದು ಅಳತೆಯ ಚದುರುವಿಕೆ, ಇತಿಹಾಸ ಅಲ್ಲ.

ಅಳತೆ ಮಾದರಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಹೊಂದಾಣಿಕೆ ಸೂಚ್ಯಂಕ 60ಕ್ಕಿಂತ ಕೆಳಗೆ ಹೋದರೆ ತಂತ್ರಾಂಶ ಎಚ್ಚರಿಸುತ್ತದೆ. ಆಗ ಸರಿಯಾಗಿ ಕೂರದ ಅಳತೆಯನ್ನು ಕಿತ್ತು ಬಿಸಾಕಿ ಮುಂದೆ ಹೋಗಬೇಡಿ. ಮೊದಲು ಉತ್ಖನನದ ನಕ್ಷೆ ತೆಗೆಯಿರಿ: ನಿಜವಾಗಿಯೂ 'ಬಿ' ಗುಂಡಿ 'ಎ'ಯನ್ನು ಕತ್ತರಿಸಿತ್ತಾ? ಆಮೇಲೆ ಅಂಟು, ಆಮೇಲೆ ಮೀನು. ಕಾರಣ ಸಿಕ್ಕರೆ ಬರೆದು ಬಿಡಿ, ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ. ಊಹೆ ಬದಲಿಸಿ ಇನ್ನೊಂದು ಮಾದರಿಯನ್ನೂ ಓಡಿಸಿ ನೋಡಿ. ಎರಡರಲ್ಲೂ ಉತ್ತರ ಹತ್ತಿರ ಬಂದರೆ ನೆಮ್ಮದಿ.

ಹಂತ 10: ಬರೆದಿಡುವುದು

ಪ್ರತಿ ಅಳತೆಗೂ ಲ್ಯಾಬ್‌ನ ಸಂಕೇತ ಸಂಖ್ಯೆ, ಕ್ಯಾಲಿಬ್ರೇಟ್ ಮಾಡದ ಬಿಪಿ ವಯಸ್ಸು ಮತ್ತು ಅಂತರ, ಯಾವ ಎಲುಬು, ಇಳುವರಿ, ಅನುಪಾತ, ಎರಡು ಐಸೋಟೋಪ್ ಮೌಲ್ಯ, ಯಾವ ರೇಖೆ, ಯಾವ ಡೆಲ್ಟಾ-ಆರ್, ಸಮುದ್ರದ ಪಾಲು ಎಷ್ಟು ಹಿಡಿದಿರಿ, ತಂತ್ರಾಂಶದ ಆವೃತ್ತಿ ಎಲ್ಲ ಕೊಡಿ. ಬಿಪಿ ಸಂಖ್ಯೆ ಬಿಟ್ಟು ಬರೀ ಇಸವಿ ಕೊಟ್ಟವರ ವರದಿ, ರೇಖೆ ಹೊಸದಾದ ದಿನವೇ ಹಳತಾಗುತ್ತದೆ. ಯಾರೂ ತಿದ್ದಿ ಬಳಸಲು ಆಗುವುದಿಲ್ಲ. ಮಾದರಿಯ ಕೋಡನ್ನೂ ಕೊನೆಗೆ ಸೇರಿಸಿ.

ಮಾದರಿಯಿಂದ ಬಂದ ಇಸವಿಯನ್ನು ಓರೆ ಅಕ್ಷರದಲ್ಲಿ, ನೇರ ಕ್ಯಾಲಿಬ್ರೇಶನ್‌ನಿಂದ ಬಂದದ್ದನ್ನು ಸಾಮಾನ್ಯ ಅಕ್ಷರದಲ್ಲಿ ಹಾಕುವ ರೂಢಿ ಇದೆ, ಓದುವವರಿಗೆ ಯಾವುದು ಯಾವುದು ಎಂದು ತಿಳಿಯಲಿ ಎಂದು. ಸಂಖ್ಯೆಯನ್ನು ಐದಕ್ಕೋ ಹತ್ತಕ್ಕೋ ಹೊರಗಿನ ಕಡೆಗೆ ಸರಿಸಿ: 1043–1217 ಬಂದರೆ 1040–1220.

ಲ್ಯಾಬ್‌ನಲ್ಲಿ ಉಳಿದ ಕೊಲಾಜೆನ್ ವಾಪಸ್ ಕೊಡುತ್ತಾರಾ ಅಥವಾ ಅಲ್ಲೇ ಇಡುತ್ತಾರಾ ಎಂದು ಮೊದಲೇ ಕೇಳಿ. ವಾಪಸ್ ಬಂದರೆ ಅದೇ ಸಮಾಧಿ ಸಂಖ್ಯೆಯ ಪೆಟ್ಟಿಗೆಗೆ ಸೇರಿಸಿ, ಎಷ್ಟು ಉಳಿದಿದೆ ಎಂದು ಚೀಟಿ ಹಚ್ಚಿ. ಎಲುಬುಗಳನ್ನು ಮತ್ತೆ ಹೂಳುವ ಷರತ್ತಿನ ಮೇಲೆ ಅನುಮತಿ ಸಿಕ್ಕಿದ್ದರೆ ಈ ಪುಟ್ಟ ಟ್ಯೂಬೂ ಆ ಷರತ್ತಿಗೆ ಬರುತ್ತದೆಯಾ ಎಂಬುದನ್ನು ಚರ್ಚಿನವರ ಹತ್ತಿರ ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ.